ಮಾತಿನ ಬೇರು ಹುಡುಕುತ್ತ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಗಣಿತ ಶಿಕ್ಷಕಿಯೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

ಪರಮಪೂಜ್ಯರ ಸನ್ನಿಧಿಗೆ ಶರಣು. ವೇದಿಕೆಯ ಮೇಲಿರುವ ಹಿರಿಯರಿಗೆ, ಎದುರಿಗೆ ಕುಳಿತಿರುವ ಶರಣ ಶರಣೆಯರಿಗೆ, ಹಿಂದೆ ಕಂಬಕ್ಕೆ ಒರಗಿ ನಿಂತಿರುವ ಮಕ್ಕಳಿಗೂ ಶರಣು ಶರಣಾರ್ಥಿಗಳು.

ಈಗ ಹೇಳಿದ ಶರಣಾರ್ಥಿ ಎಂಬ ಮಾತನ್ನೇ ಹಿಡಿದುಕೊಳ್ಳೋಣ. ಸಂಸ್ಕೃತದಲ್ಲಿ ಶರಣ ಎಂದರೆ ಆಸರೆ, ರಕ್ಷಣೆ. ಅರ್ಥಿ ಎಂದರೆ ಬೇಡುವವನು. ಹಿಂದಿಯಲ್ಲಿ ಇಂದಿಗೂ ಶರಣಾರ್ಥಿ ಎಂದರೆ ನಿರಾಶ್ರಿತ. 1947ರಲ್ಲಿ ಮನೆಮಠ ಬಿಟ್ಟು ಗಡಿ ದಾಟಿ ಬಂದವರನ್ನು ಅವರು ಕರೆದದ್ದು ಇದೇ ಹೆಸರಿನಿಂದ. ನಮ್ಮಲ್ಲಿ ಅದೇ ಮಾತು ಎದುರಿಗೆ ಬಂದವರಿಗೆ ಕೈಮುಗಿದು ಹೇಳುವ ನಮಸ್ಕಾರವಾಯಿತು. ಇನ್ನು ಶರಣ ಎಂಬ ಮಾತು ನೋಡಿ. ಅಲ್ಲಿ ಅದು ಆಸರೆಯ ಹೆಸರು, ಇಲ್ಲಿ ಆಸರೆಗೆ ಬಂದವನ ಹೆಸರು. ಪದವೊಂದು ಮನೆ ಬದಲಿಸಿದಾಗ ಬದುಕನ್ನೂ ಬದಲಿಸಿಕೊಳ್ಳುತ್ತದೆ. ನನ್ನನ್ನು ಮೊದಲು ಹಿಡಿದು ಕೂರಿಸಿದ್ದು ಇಂಥ ಸಂಗತಿಗಳೇ.

ನನ್ನ ಪರಿಚಯ ಒಂದೆರಡು ಮಾತಿನಲ್ಲಿ ಮುಗಿಯುತ್ತದೆ. ಹುಟ್ಟಿದ್ದು ಹಾವೇರಿ ಕಡೆಯ ಹಳ್ಳಿಯಲ್ಲಿ, ನೌಕರಿ ಮಾಡಿದ್ದು ಚಾಮರಾಜನಗರ ಜಿಲ್ಲೆಯಲ್ಲಿ, ಕಲಿಸಿದ್ದು ಗಣಿತ. ನಿವೃತ್ತಿಯಾದ ಮೇಲೆ ಮೊಮ್ಮಕ್ಕಳನ್ನು ನೋಡಿಕೊಂಡಿರು ಎಂದರು ಮನೆಯವರು. ನಾನು ಕಿಟೆಲರ ನಿಘಂಟು ನೋಡಿಕೊಂಡು ಕುಳಿತೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, 1,700ಕ್ಕೂ ಹೆಚ್ಚು ಪುಟಗಳ ಆ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡರೆ ಕಾಲು ಜೋಮು ಹಿಡಿಯುತ್ತದೆ, ಆದರೂ ಕೆಳಗಿಡಲು ಮನಸ್ಸಾಗುವುದಿಲ್ಲ. ಜರ್ಮನಿಯಿಂದ ಮತಪ್ರಚಾರಕ್ಕೆ ಬಂದ ಪಾದ್ರಿಯೊಬ್ಬರು ನಮ್ಮ ಒಂದೊಂದು ಮಾತಿನ ಪಕ್ಕದಲ್ಲೂ ಅದರ ತಮಿಳು, ತೆಲುಗು, ತುಳು ಬಂಧುಗಳನ್ನು ಕೂರಿಸಿ, ಸಂಸ್ಕೃತದಿಂದ ಬಂದದ್ದಾದರೆ ಹಾಗೆಂದು ಗುರುತು ಹಾಕಿ ಹೋಗಿದ್ದಾರೆ. ಈಗ ನಮ್ಮ ಮನೆಯಲ್ಲಿ ಯಾರಾದರೂ ಬಾಯಿ ತೆರೆದರೆ ನಾನು ಪೆನ್ನು ತೆರೆಯುತ್ತೇನೆ ಎಂದು ಸೊಸೆ ನೆರೆಹೊರೆಯವರಿಗೆ ಹೇಳಿದ್ದಾಳೆ. ಸುಳ್ಳೇನಲ್ಲ.

ಆದರೂ ಭಾಷಾವಿಜ್ಞಾನದಲ್ಲಿ ನಾನಿನ್ನೂ ಒಂದನೆಯ ಇಯತ್ತೆ. (ಈ ಇಯತ್ತೆ ಎಂಬುದನ್ನು ನಮ್ಮ ಊರಲ್ಲಿ ಎಲ್ಲರೂ ಉರ್ದು ಮಾತು ಎನ್ನುತ್ತಿದ್ದರು. ಅದು ಮರಾಠಿಯ ಮೂಲಕ ಬಂದ ಸಂಸ್ಕೃತ. ‘ಇಷ್ಟು’ ಎಂಬ ಅಳತೆಯೇ ಅದರ ಮೂಲಾರ್ಥ.) ಆದ್ದರಿಂದ ಇಲ್ಲಿ ಪಂಡಿತರು ಯಾರಾದರೂ ಇದ್ದರೆ ನನ್ನ ಉತ್ಸಾಹವನ್ನು ಕಂಡು ನಗಬಹುದು. ಸಭೆಯ ಮಧ್ಯದಲ್ಲಿ ಎದ್ದು ಹೋಗದಿದ್ದರೆ ಸಾಕು.

ಪದಗಳ ಮೂಲ ಹುಡುಕುವವರಿಗೆ ಮೊದಲು ಬರುವುದು ಒಂದು ಜ್ವರ. ಕಿವಿಗೆ ಒಂದೇ ಥರ ಕೇಳಿಸಿದ್ದೆಲ್ಲ ಒಂದೇ ಎನಿಸುತ್ತದೆ. ಕನ್ನಡದ ಕುಟ್ಟು, ಇಂಗ್ಲಿಷಿನ ಕಟ್. ನಮ್ಮ ಒಂದು, ಅವರ ವನ್. ತಮಿಳಿನ ಎಟ್ಟು, ಇಂಗ್ಲಿಷಿನ ಎಯ್ಟ್. ಇಂಥವನ್ನು ಸಾಲಾಗಿ ಜೋಡಿಸಿ, ಜಗತ್ತಿನ ಭಾಷೆಗಳೆಲ್ಲ ನಮ್ಮಿಂದಲೇ ಹುಟ್ಟಿದವು ಎಂದು ಸಾಧಿಸುವವರನ್ನು ನೀವೂ ಕೇಳಿರುತ್ತೀರಿ. ಎಂಟನ್ನೇ ಪರೀಕ್ಷೆ ಮಾಡಿ ನೋಡೋಣ. ಕನ್ನಡದ ಎಂಬತ್ತು ಎಂದರೆ ಎಣ್ ಮತ್ತು ಪತ್ತು, ಎಂಟು ಹತ್ತುಗಳು. ಅಂದರೆ ನಮ್ಮ ಎಂಟಿನ ಬೇರು ‘ಎಣ್’. ಟುಕಾರ ಆಮೇಲೆ ಅಂಟಿಕೊಂಡದ್ದು. ಇಂಗ್ಲಿಷಿನ ಎಯ್ಟ್ ಲ್ಯಾಟಿನ್ನಿನ ಒಕ್ಟೊ, ಸಂಸ್ಕೃತದ ಅಷ್ಟ, ಪಾರಸಿಯ ಹಶ್ತ್‌ಗಳ ಬಳಗದ್ದು. ಬೇರಿನ ತನಕ ಅಗೆದರೆ ಎರಡಕ್ಕೂ ಏನೂ ಸಂಬಂಧವಿಲ್ಲ. ಸಂತೆಯಲ್ಲಿ ಇಬ್ಬರು ಅಪರಿಚಿತರು ಒಂದೇ ಬಣ್ಣದ ಅಂಗಿ ತೊಟ್ಟು ಎದುರಾದರೆ ಅಣ್ಣತಮ್ಮಂದಿರಾಗುತ್ತಾರೆಯೆ?

ಹಾಗಾದರೆ ನಿಜವಾದ ನಂಟನ್ನು ಗುರುತಿಸುವುದು ಹೇಗೆ? ಗಣಿತದವಳಾದ ನನಗೆ ಈ ಶಾಸ್ತ್ರದ ಮೇಲೆ ನಂಬಿಕೆ ಬಂದದ್ದು ಇಲ್ಲಿಯೇ. ಒಂದು ಪದ ಇನ್ನೊಂದರಂತೆ ಕೇಳಿಸುವುದು ಲೆಕ್ಕಕ್ಕಿಲ್ಲ. ಎರಡು ಭಾಷೆಗಳ ನಡುವಿನ ವ್ಯತ್ಯಾಸ ಪದದಿಂದ ಪದಕ್ಕೆ ಒಂದೇ ನಿಯಮದಲ್ಲಿ ಬರಬೇಕು. ನಮ್ಮ ಕಿವಿ ತೆಲುಗಿನಲ್ಲೂ ತಮಿಳಿನಲ್ಲೂ ಚೆವಿ. ನಮ್ಮ ಕೆರೆ ತೆಲುಗಿನಲ್ಲಿ ಚೆರುವು. ನಮ್ಮ ಕೇರಿ ತಮಿಳಿನಲ್ಲಿ ಚೇರಿ. ನಮ್ಮ ಹಳೆಯ ಕೆಯ್, ಅಂದರೆ ಇಂದಿನ ಗೇಯು, ಗೇಯ್ಮೆ, ತಮಿಳಿನಲ್ಲಿ ಚೆಯ್, ತೆಲುಗಿನಲ್ಲಿ ಚೇಯು. ಇಕಾರ, ಎಕಾರದ ಮುಂದೆ ನಾವು ಕಕಾರವನ್ನು ಉಳಿಸಿಕೊಂಡೆವು, ಅವರು ಚಕಾರ ಮಾಡಿಕೊಂಡರು. ಇದಕ್ಕಿಂತಲೂ ನನ್ನನ್ನು ಬೆರಗುಗೊಳಿಸಿದ್ದು ಇದಕ್ಕಿರುವ ಅಪವಾದ. ನಮ್ಮ ಕೆಡು ತಮಿಳಿನಲ್ಲೂ ಕೆಡುವೇ, ಕೇಳು ಅಲ್ಲಿಯೂ ಕೇಳ್. ಅಲ್ಲೇಕೆ ಚಕಾರ ಬರಲಿಲ್ಲ? ಮುಂದೆ ಡ, ಳ ಇರುವುದರಿಂದ. ನಾಲಿಗೆಯನ್ನು ಹಿಂದಕ್ಕೆ ಮಡಚಿ ನುಡಿಯುವ ಅಕ್ಷರ ಮುಂದಿದ್ದರೆ ತಮಿಳಿನಲ್ಲಿ ಕಕಾರ ಮಿಸುಕುವುದಿಲ್ಲ. ಅಪವಾದಕ್ಕೂ ಒಂದು ನಿಯಮ! ಸಾವಿರಾರು ವರ್ಷ ಕೋಟ್ಯಂತರ ಜನ ಹೊಲದಲ್ಲಿ, ಅಡುಗೆಮನೆಯಲ್ಲಿ, ಜಗಳದಲ್ಲಿ ಆಡಿದ ಮಾತು, ಯಾರೂ ಕೂತು ಗೊತ್ತುಮಾಡದೆ ಇಷ್ಟು ಶಿಸ್ತಾಗಿ ನಡೆದಿದೆ.

ಇದನ್ನು ಮೊದಲು ಅಚ್ಚಿನಲ್ಲಿ ಇಟ್ಟದ್ದು 1816ರಲ್ಲಿ. ಮದ್ರಾಸಿನಲ್ಲಿದ್ದ ಕಂಪನಿ ಅಧಿಕಾರಿ ಫ್ರಾನ್ಸಿಸ್ ವೈಟ್ ಎಲ್ಲಿಸ್, ಕ್ಯಾಂಪ್‌ಬೆಲ್ಲನ ತೆಲುಗು ವ್ಯಾಕರಣಕ್ಕೆ ಬರೆದ ಟಿಪ್ಪಣಿಯಲ್ಲಿ ತಮಿಳು, ತೆಲುಗು, ಕನ್ನಡಗಳ ಧಾತುಗಳನ್ನು ಪಕ್ಕಪಕ್ಕ ಇಟ್ಟು, ಇವು ಸಂಸ್ಕೃತದ ಮಕ್ಕಳಲ್ಲ, ತಮ್ಮೊಳಗೇ ಒಂದು ಮನೆತನ ಎಂದು ತೋರಿಸಿದ. 1856ರಲ್ಲಿ ಕಾಲ್ಡ್‌ವೆಲ್ ಆ ಮನೆತನಕ್ಕೆ ದೊಡ್ಡ ವ್ಯಾಕರಣವನ್ನೇ ಬರೆದ. 1961ರಲ್ಲಿ ಬರೋ ಮತ್ತು ಎಮೆನೋ ಇಬ್ಬರೂ ಸೇರಿ ದ್ರಾವಿಡ ಪದಗಳ ಮೂಲದ ನಿಘಂಟು ತಂದರು. ಅದರ ಎರಡನೆಯ ಆವೃತ್ತಿಯಲ್ಲಿ ಐದೂವರೆ ಸಾವಿರ ಪದಕುಟುಂಬಗಳಿವೆ. ಇತಿಹಾಸ ಇಷ್ಟು ಸಾಕು. ಮಗ್ಗಿಗೆ ಬರುತ್ತೇನೆ.

ಮಕ್ಕಳೇ, ಹತ್ತರ ಮಗ್ಗಿ ಹೇಳಿ ನೋಡೋಣ. ಹತ್ತು, ಇಪ್ಪತ್ತು, ಮೂವತ್ತು. ಇಪ್ಪತ್ತಿನೊಳಗೆ ಏನು ಕೇಳಿಸಿತು? ಪತ್ತು. ಎಪ್ಪತ್ತಿನಲ್ಲೂ ಅದೇ. ಸಾವಿರ ವರ್ಷದ ಹಿಂದೆ ಕನ್ನಡದಲ್ಲಿ ಹತ್ತು ಪತ್ತೇ ಆಗಿತ್ತು. ಹಾಲು ಪಾಲಾಗಿತ್ತು, ಹೂವು ಪೂ ಆಗಿತ್ತು, ಹುಲಿ ಪುಲಿ, ಹೆಸರು ಪೆಸರ್. 941ರ ಪಂಪನ ಕಾವ್ಯದಲ್ಲಿ ಇರುವುದು ಈ ಪಕಾರವೇ. ತಮಿಳರು ಇಂದಿಗೂ ಪಾಲ್, ಪೂ, ಪುಲಿ, ಪತ್ತು ಎನ್ನುತ್ತಾರೆ. ಮಂಗಳೂರಿನ ತುಳುವರು ಪೂ, ಪಿಲಿ, ಪತ್ತ್ ಎನ್ನುತ್ತಾರೆ. ಹತ್ತನೆಯ ಶತಮಾನದ ಸುಮಾರಿಗೆ ನಮ್ಮ ಶಾಸನಗಳಲ್ಲಿ ಪದದ ಮೊದಲಿನ ಪಕಾರ ಇರಬೇಕಾದ ಕಡೆ ಹಕಾರ ಇಣುಕತೊಡಗುತ್ತದೆ. ಆಮೇಲೆ ಎರಡು ಮೂರು ಶತಮಾನ ಎರಡೂ ಜೊತೆಜೊತೆಗೆ ನಡೆದು, ಕೊನೆಗೆ ಹಕಾರವೇ ನಿಂತಿತು. ಪುಲಿಗೆರೆ ಹುಲಿಗೆರೆಯಾಯಿತು, ಇಂದಿನ ಲಕ್ಷ್ಮೇಶ್ವರ. ನಮ್ಮ ಕಡೆಯ ಪಾನುಂಗಲ್ ಹಾನಗಲ್ ಆಯಿತು. ಆದರೆ ಪದದ ಹೊಟ್ಟೆಯೊಳಗೆ ಅವಿತಿದ್ದ ಪಕಾರಕ್ಕೆ ಈ ಗಾಳಿ ತಾಗಲಿಲ್ಲ. ಇಪ್ಪತ್ತು, ಎಪ್ಪತ್ತು ಹಾಗೇ ಉಳಿದವು. ಬಾಳೆಹಣ್ಣಿನವನು ಡಜನ್ನಿಗೆ ಎಪ್ಪತ್ತು ಎಂದಾಗ ಅವನ ಬಾಯಲ್ಲಿ ಪಂಪನ ಕಾಲದ ಕನ್ನಡ ಇರುತ್ತದೆ.

ಬಸವಣ್ಣನವರು ಬದುಕಿದ್ದು ಈ ಎರಡೂ ಉಚ್ಚಾರ ಬೆರೆತಿದ್ದ ಕಾಲದಲ್ಲಿ. ನಮಗೆ ಸಿಕ್ಕಿರುವ ವಚನದ ತಾಡೋಲೆಗಳು ಹೆಚ್ಚಿನವು ಬಹಳ ಈಚಿನವು. ಆದ್ದರಿಂದ ಬರಿಯ ಓಲೆಯ ಮೇಲೆ ಹ ಇದೆಯೆಂದು ಹನ್ನೆರಡನೆಯ ಶತಮಾನದ ಬಾಯಲ್ಲಿಯೂ ಹ ಇತ್ತೆಂದು ಹೇಳಲಾಗದು. ಓಲೆ ನಕಲು ಮಾಡುವವನು ತನ್ನ ಕಾಲದ ಮಾತನ್ನು ಬೆರೆಸುತ್ತಾನೆ, ಕಲ್ಲು ಬೆರೆಸುವುದಿಲ್ಲ. ಈ ಪ್ರಶ್ನೆಗೆ ಶಾಸನಗಳನ್ನೇ ಕೇಳಬೇಕಾದ್ದು ಅದಕ್ಕೆ. ಆದರೆ ಒಂದು ಮಾತು ಖಂಡಿತ. ಅಂದು ಹಕಾರ ಹೊಸತು, ಬಾಯಿಮಾತಿನದು. ಪಕಾರ ಹಳೆಯದು, ಪಂಡಿತರ ಕಾವ್ಯದ್ದು. ಅಂದರೆ ಒಂದು ಕಾಲದಲ್ಲಿ ‘ಹಾಲು’ ಎನ್ನುವುದೇ ಕೆಟ್ಟ ಉಚ್ಚಾರವಾಗಿತ್ತು.

ಇದನ್ನು ಯಾಕೆ ಇಷ್ಟು ಎಳೆಯುತ್ತಿದ್ದೇನೆ ಎಂದರೆ ನನ್ನ ಶಾಲೆಯ ಒಂದು ದಿನ ಮನಸ್ಸಿನಲ್ಲಿದೆ. ತಪಾಸಣೆಗೆ ಅಧಿಕಾರಿಗಳು ಬಂದಿದ್ದರು. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳನ್ನು ಎಬ್ಬಿಸಿ ಹತ್ತರ ಮಗ್ಗಿ ಕೇಳಿದರು. ಕೂಲಿಯವರ ಮಗಳು. ಲೆಕ್ಕದಲ್ಲಿ ತರಗತಿಗೇ ಚುರುಕು. ‘ಅತ್ತೊಂದ್ಲ ಅತ್ತು, ಅತ್ತೆರಡ್ಲ ಇಪ್ಪತ್ತು’ ಎಂದು ಗಟ್ಟಿಯಾಗಿ ಶುರುಮಾಡಿದಳು. ಅವರು ನಡುವೆಯೇ ತಡೆದು, ಹಕಾರ ಹೊರಡದವಳಿಗೆ ಲೆಕ್ಕ ಯಾಕೆ ಎಂದು ನಕ್ಕರು. ಅವರು ನಕ್ಕದ್ದರಿಂದ ಮಕ್ಕಳೂ ನಕ್ಕರು. ಮಗ್ಗಿಯಲ್ಲಿ ಒಂದು ತಪ್ಪೂ ಇರಲಿಲ್ಲ. ಹುಡುಗಿ ಕುಳಿತುಕೊಂಡಳು. ಆ ವರ್ಷವೆಲ್ಲ ಉತ್ತರ ಗೊತ್ತಿದ್ದರೂ ಅವಳು ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದಳೇ ಹೊರತು ಬಾಯಿ ಬಿಡಲಿಲ್ಲ.

ಈಗ ನನಗೆ ಗೊತ್ತಿರುವುದನ್ನು ಆ ಅಧಿಕಾರಿಗೆ ಹೇಳಬಹುದಾಗಿತ್ತು. ಪತ್ತು ಹತ್ತಾಯಿತು, ಹತ್ತು ಅತ್ತಾಗುತ್ತಿದೆ. ತುಟಿ ಮುಚ್ಚಿ ಬಿಡುವ ಪಕಾರ ಬರಿಯ ಉಸಿರಾಯಿತು, ಆ ಉಸಿರು ಈಗ ಅಡಗುತ್ತಿದೆ. ಇದು ಒಂದೇ ದಾರಿಯ ಮುಂದಿನ ಹೆಜ್ಜೆ. ಮೊದಲನೆಯ ಹೆಜ್ಜೆ ಇಟ್ಟ ನಾವು ಎರಡನೆಯ ಹೆಜ್ಜೆ ಇಟ್ಟವರನ್ನು ನೋಡಿ ನಗುತ್ತೇವೆ. ಲ್ಯಾಟಿನ್ನಿನ ಹಕಾರ ಇಟಲಿ, ಫ್ರಾನ್ಸುಗಳ ಬಾಯಲ್ಲಿ ಹೀಗೆಯೇ ಹೋಯಿತು. ಪ್ಯಾರಿಸ್ಸಿನ ಪ್ರಾಧ್ಯಾಪಕರನ್ನು ಯಾರೂ ಅನಾಗರಿಕರು ಎನ್ನುವುದಿಲ್ಲ. ಇಲ್ಲಿ ಮಾತ್ರ ಹೀಗೆ ನಕ್ಕು ನಕ್ಕು ಜನರನ್ನು ಎಷ್ಟು ಹೆದರಿಸಿದ್ದೇವೆಂದರೆ, ಪಾಪ, ಇಲ್ಲದ ಕಡೆಯೂ ಹಕಾರ ತುರುಕಿ ಆಕಾಶವನ್ನು ಹಾಕಾಶ, ಆನೆಯನ್ನು ಹಾನೆ ಎನ್ನುತ್ತಾರೆ. ಅದಕ್ಕೂ ನಗುತ್ತೇವೆ. ಶಾಲೆಯಲ್ಲಿ ಬರವಣಿಗೆಯ ಕನ್ನಡವನ್ನು ಕಲಿಸಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಹತ್ತರ ಮಗ್ಗಿಯಲ್ಲಿ ಸಾವಿರ ವರ್ಷದ ಮೊದಲ ಮೆಟ್ಟಿಲನ್ನೂ ಕೊನೆಯ ಮೆಟ್ಟಿಲನ್ನೂ ಒಟ್ಟಿಗೆ ಹೇಳಬಲ್ಲ ಮಗುವಿನ ಬಾಯಿ ಮುಚ್ಚಿಸುವುದು ಕಲಿಸುವಿಕೆಯಲ್ಲ.

ಇನ್ನು ಹೊರಗಿನಿಂದ ಬಂದ ಪದಗಳ ವಿಚಾರ. ಹಳೆಯ ಕಾಲದಲ್ಲಿ ಸಂಸ್ಕೃತದಿಂದ, ಅದಕ್ಕಿಂತ ಹೆಚ್ಚಾಗಿ ಪ್ರಾಕೃತದಿಂದ, ನಮ್ಮ ಜನರ ಬಾಯಿಗೆ ಬಂದ ಪದಗಳೂ ಇದೇ ದಾರಿಯಲ್ಲಿ ನಡೆದವು. ಪಕ್ಷಿ ಪಕ್ಕಿಯಾಗಿ ಹಕ್ಕಿಯಾಯಿತು. ಪರ್ವ ಪಬ್ಬವಾಗಿ ಹಬ್ಬವಾಯಿತು. ಪ್ರವಾಳ ಹವಳವಾಯಿತು, ಪುಸ್ತಕ ಹೊತ್ತಿಗೆಯಾಯಿತು. ಹಬ್ಬ ಎನ್ನುವಾಗ ಯಾರಿಗಾದರೂ ಸಂಸ್ಕೃತದ ವಾಸನೆ ಬರುತ್ತದೆಯೆ? ಓದಿದವರು ಅದೇ ಪದವನ್ನು ಆಮೇಲೆ ಗ್ರಂಥದಿಂದ ಮತ್ತೊಮ್ಮೆ ತಂದಾಗ ಅದು ಪುಸ್ತಕ, ಪಕ್ಷಿ ಎಂದೇ ಉಳಿಯಿತು. ಹೀಗೆ ಒಂದೇ ಪದಕ್ಕೆ ಎರಡು ಬಾಳು.

ನನ್ನ ಮೆಚ್ಚಿನ ಜೋಡಿ ಹಸಾದ ಮತ್ತು ಪ್ರಸಾದ. ಪ್ರಸಾದ ಮೊದಲು ಪಸಾದ, ಆಮೇಲೆ ಹಸಾದ. ನಡುಗನ್ನಡದ ಕಾವ್ಯಗಳಲ್ಲಿ ದೊಡ್ಡವರು ಏನಾದರೂ ಅಪ್ಪಣೆ ಕೊಟ್ಟರೆ, ಅನುಗ್ರಹ ಮಾಡಿದರೆ, ಎದುರಿಗಿದ್ದವರು ‘ಹಸಾದ’ ಎಂದು ತಲೆಬಾಗುತ್ತಾರೆ. ನಾವು ಇಂದು ಮಹಾಪ್ರಸಾದ ಎನ್ನುವಂತೆ. ಪ್ರಸಾದ ಎಂಬುದು ಬೆಳ್ಳಿಯ ತಟ್ಟೆಯಲ್ಲಿ ಇಟ್ಟಂತೆ ಉಳಿದಿದೆ. ಹಸಾದ ಎಂಬುದು ದಿನಬಳಕೆಯಲ್ಲಿ ಸವೆದು ನುಣುಪಾದ ಮರದ ಸೌಟು. ನನ್ನನ್ನು ಕೇಳಿದರೆ ಈ ಹಸಾದ ಮಾತಿನಲ್ಲಿ ಮತ್ತೆ ಬಳಕೆಗೆ ಬರಬೇಕು. ಥ್ಯಾಂಕ್ಸ್ ಎನ್ನುವ ಕಡೆ ಹಸಾದ ಎಂದು ನೋಡಿ, ಎಷ್ಟು ಚೆನ್ನಾಗಿದೆ.

ಈಗ ಬಸವ ಎಂಬ ಹೆಸರಿಗೇ ಬರುತ್ತೇನೆ. ಸಂಸ್ಕೃತದಲ್ಲಿ ಎತ್ತು ವೃಷಭ. ಪ್ರಾಕೃತದಲ್ಲಿ ಅದು ವಸಹ. ಕನ್ನಡದಲ್ಲಿ ಬಸವ. ವಕಾರ ಬಕಾರವಾದದ್ದು ಇಲ್ಲಿ ಗಮನಿಸಬೇಕಾದದ್ದು. ತಮಿಳರ ವಾಯ್ ನಮ್ಮ ಬಾಯಿ, ಅವರ ವೇರ್ ನಮ್ಮ ಬೇರು, ಅವರ ವಾ ನಮ್ಮ ಬಾ. ತುಳು ಈ ವಿಷಯದಲ್ಲಿ ನಮ್ಮ ಜೊತೆಗಿದೆ. ಸಂಸ್ಕೃತದ ವನ ನಮ್ಮ ಬನ, ವರ್ಣ ನಮ್ಮ ಬಣ್ಣ, ವ್ಯವಸಾಯ ನಮ್ಮ ಬೇಸಾಯ. ಅಚ್ಚಗನ್ನಡದ ಬಾಯಿ, ಬೇರುಗಳು ಯಾವ ನಿಯಮಕ್ಕೆ ಒಳಪಟ್ಟವೋ ಅದೇ ನಿಯಮಕ್ಕೆ ಈ ಹೆಸರೂ ಒಳಪಟ್ಟಿದೆ. ಬಸವ ಎಂಬ ಮೂರು ಅಕ್ಷರಗಳ ಮೇಲೆ ಕನ್ನಡಿಗರ ನಾಲಿಗೆಯ ಮೊಹರು ಬಿದ್ದಿದೆ.

ನಮ್ಮ ಹಳೆಯ ವೈಯಾಕರಣರು ಇಂ�ಥ ಪದಗಳನ್ನು ಏನೆಂದು ಕರೆದರು? ಹದಿಮೂರನೆಯ ಶತಮಾನದ ಕೇಶಿರಾಜ ಬಹಳ ದೊಡ್ಡ ವಿದ್ವಾಂಸ. ಅವನ ಶಬ್ದಮಣಿದರ್ಪಣ ಇಲ್ಲದಿದ್ದರೆ ಹಳಗನ್ನಡದ ಎಷ್ಟೋ ಸೂಕ್ಷ್ಮ ನಮಗೆ ದಕ್ಕುತ್ತಿರಲಿಲ್ಲ. ಆ ಗ್ರಂಥದಲ್ಲಿ ತದ್ಭವಗಳ ಅಧ್ಯಾಯಕ್ಕೆ ಇರುವ ಹೆಸರು ಅಪಭ್ರಂಶ ಪ್ರಕರಣ. ಅಪಭ್ರಂಶ ಎಂದರೆ ಜಾರಿಬಿದ್ದದ್ದು. ಆ ಲೆಕ್ಕದಲ್ಲಿ ವೃಷಭ ಮೇಲಿನದು, ಬಸವ ಕೆಳಗೆ ಬಿದ್ದದ್ದು. ಶಾಸ್ತ್ರದ ಪರಿಭಾಷೆ ಎಂದು ಸುಮ್ಮನಿರಬಹುದು. ಆದರೆ ನನಗೆ ಅದರಲ್ಲಿ ಕುಲದ ವಾಸನೆ ಬರುತ್ತದೆ. ಆ ಪದ ಬೀಳಲಿಲ್ಲ. ನಡೆದು ಬಂತು.

ಇನ್ನೊಂದಿದೆ, ಅರಿಸಮಾಸ. ಅರಿ ಎಂದರೆ ಶತ್ರು. ಸಂಸ್ಕೃತ ಪದಕ್ಕೂ ಕನ್ನಡ ಪದಕ್ಕೂ ಸಮಾಸ ಮಾಡಬಾರದು, ಮಾಡಿದರೆ ಅದು ಶತ್ರುಗಳ ಮದುವೆ ಎಂದು ನಿಯಮ. ಬಿರುದುಗಳಿಗೂ ಹಿಂದಿನ ಕವಿಗಳು ಬಳಸಿದ್ದಕ್ಕೂ ವಿನಾಯಿತಿ ಕೊಟ್ಟರು, ಅದು ಬೇರೆ. ಈಗ ಕೂಡಲಸಂಗಮ ಎಂಬ ಹೆಸರು ನೋಡಿ. ಕೂಡಲ ಎಂಬುದು ಕೂಡು ಎಂಬ ನಮ್ಮ ಕ್ರಿಯಾಪದದಿಂದ ಬಂದದ್ದು, ನೀರು ಕೂಡುವ ಜಾಗ. ತಮಿಳುನಾಡಿನ ಕಡಲೂರು ಕೂಡ ಮೂಲದಲ್ಲಿ ಕೂಡಲೂರೇ. ಸಂಗಮ ಎಂಬುದು ಸಂಸ್ಕೃತ, ಅದರ ಅರ್ಥವೂ ಕೂಡುವ ಜಾಗವೇ. ಕೃಷ್ಣೆಯೂ ಮಲಪ್ರಭೆಯೂ ಸೇರುವ ಕಡೆ ಒಂದು ಕನ್ನಡ ಪದ, ಒಂದು ಸಂಸ್ಕೃತ ಪದ ಕೂಡಿ ಕುಳಿತಿವೆ. ಕಟ್ಟುನಿಟ್ಟಾಗಿ ನೋಡಿದರೆ ಬಸವಣ್ಣನವರ ಅಂಕಿತವೇ ಅರಿಸಮಾಸ. ಅಕ್ಕನ ಅಂಕಿತವೂ ಹಾಗೆಯೇ, ಚೆನ್ನ ಕನ್ನಡ, ಮಲ್ಲಿಕಾರ್ಜುನ ಸಂಸ್ಕೃತ. ಹರಳಯ್ಯನವರ ಮನೆಗೂ ಮಧುವರಸರ ಮನೆಗೂ ನಂಟು ಬೆಳೆಸಿದ ಕಲ್ಯಾಣದಲ್ಲಿ ಪದಗಳಿಗೆ ಮಾತ್ರ ಬೇಲಿ ಹಾಕುವುದು ಹೇಗೆ ಸಾಧ್ಯವಿತ್ತು?

ಇಷ್ಟು ಹೇಳಿದ ಮೇಲೆ ಸ್ವಲ್ಪ ಖಾರದ ಮಾತೂ ಹೇಳಬೇಕು. ನಮ್ಮ ವೇದಿಕೆಗಳಲ್ಲಿ ಪದ ಒಡೆದು ಅರ್ಥ ಹೇಳುವ ರೂಢಿ ಬಹಳ. ಗು ಎಂದರೆ ಕತ್ತಲೆ, ರು ಎಂದರೆ ಅದನ್ನು ಕಳೆಯುವವನು, ಆದ್ದರಿಂದ ಗುರು. ಎಲ್ಲರೂ ಕೇಳಿದ್ದೀರಿ. ಚೆನ್ನಾಗಿದೆ, ನೆನಪಿನಲ್ಲಿ ಉಳಿಯುತ್ತದೆ. ಆದರೆ ಅದು ಪದದ ಇತಿಹಾಸವಲ್ಲ. ಗುರು ಎಂದರೆ ಮೂಲದಲ್ಲಿ ಭಾರವಾದದ್ದು, ತೂಕವುಳ್ಳದ್ದು. ಛಂದಸ್ಸಿನಲ್ಲಿ ಗುರು ಲಘು ಎನ್ನುವಾಗ ಆ ಅರ್ಥ ಇಂದಿಗೂ ಇದೆ. ನಾನು ವಿಜ್ಞಾನದ ಪಾಠವನ್ನೂ ಮಾಡಬೇಕಾಗಿ ಬಂದಾಗ ಗುರುತ್ವಾಕರ್ಷಣೆ ಕಲಿಸುತ್ತಿದ್ದೆ. ಇಂಗ್ಲಿಷಿನವರು ಅದಕ್ಕೆ ಗ್ರಾವಿಟಿ ಎನ್ನುತ್ತಾರೆ. ಲ್ಯಾಟಿನ್ನಿನ ಗ್ರಾವಿಸ್ ಎಂದರೂ ಭಾರ. ಗುರು, ಗ್ರಾವಿಸ್ ಎರಡೂ ಒಂದೇ ಬೇರಿನವು. ತೂಕದ ಮನುಷ್ಯ ಎಂದು ನಾವು ಆಡುಮಾತಿನಲ್ಲಿ ಹೇಳುತ್ತೇವಲ್ಲ, ಗುರು ಎಂದರೆ ಅದೇ. ಕತ್ತಲೆ ಬೆಳಕಿನ ಅರ್ಥಕ್ಕಿಂತ ಇದು ಕಡಿಮೆಯೇನಲ್ಲ ಎಂದು ನನ್ನ ಅಭಿಪ್ರಾಯ.

ಅಕ್ಷರಕ್ಕೊಂದು ಅರ್ಥ ಹೇಳುವ ಪದ್ಧತಿ ಶರಣರಲ್ಲಿಯೂ ಇದೆ, ಬಸವ ಎಂಬ ಹೆಸರಿಗೇ ಹಾಗೆ ಹೇಳಿದ್ದಾರೆ. ಅದು ಅನುಭಾವದ ಮಾತು, ಧ್ಯಾನಕ್ಕೆ ಹಿಡಿದ ದಾರ. ಅದನ್ನು ಹಾಗೆಯೇ ತೆಗೆದುಕೊಳ್ಳೋಣ. ಅದನ್ನೇ ಎತ್ತಿಕೊಂಡು ಚರ್ಚೆಯಲ್ಲಿ ಸಾಕ್ಷ್ಯವೆಂದು ಮಂಡಿಸಿದಾಗ ತೊಂದರೆ ಶುರುವಾಗುತ್ತದೆ. ಎದುರಿನವನು ಇನ್ನೊಂದು ರೀತಿ ಒಡೆಯುತ್ತಾನೆ, ನೀವು ಮತ್ತೊಂದು ರೀತಿ ಒಡೆಯುತ್ತೀರಿ, ಕೊನೆಗೆ ಪದ ಮಾತ್ರ ಪುಡಿಯಾಗುತ್ತದೆ. ಪೂಜೆ ಎಂಬ ಪದವನ್ನೇ ನೋಡಿ. ಇದು ಸಂಸ್ಕೃತಕ್ಕೆ ದ್ರಾವಿಡದಿಂದ ಹೋದ ಪದ ಎಂದು ವಾದಿಸಿದ ವಿದ್ವಾಂಸರಲ್ಲೇ ಎರಡು ಪಕ್ಷ. ಪೂ ಮತ್ತು ಗೆಯ್, ಹೂವಿನಿಂದ ಮಾಡುವ ಕೆಲಸ ಎಂದರು ಸುನೀತಿಕುಮಾರ ಚಟರ್ಜಿ. ಪೂಸು, ಅಂದರೆ ಬಳಿಯುವುದು ಎಂದರು ಸ್ವೀಡನ್ನಿನ ಶಾರ್ಪೆಂಟಿಯೆ. ಎರಡನ್ನೂ ಒಪ್ಪದವರೂ ಇದ್ದಾರೆ. ಇದು ಇತ್ಯರ್ಥವಾಗುವ ತನಕ ಯಾರೂ ಇಷ್ಟಲಿಂಗಕ್ಕೆ ಹೂವಿಡದೆ, ವಿಭೂತಿ ಧರಿಸದೆ ಕಾಯುತ್ತ ಕೂರಬೇಕಾಗಿಲ್ಲ.

ಹಾಗೆಂದು ದೂರದ ನಂಟುಗಳೆಲ್ಲ ಸುಳ್ಳಲ್ಲ. 1786ರಲ್ಲಿ ಕಲ್ಕತ್ತೆಯ ನ್ಯಾಯಾಧೀಶ ವಿಲಿಯಂ ಜೋನ್ಸ್, ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಒಂದೇ ಮೂಲದಿಂದ ಬಂದಿರಬೇಕು ಎಂದ. ಅಲ್ಲಿಯೂ ನಿಯಮವಿದೆ. ಸಂಸ್ಕೃತದ ಗಕಾರ, ಜಕಾರಗಳು ಎಷ್ಟೋ ಕಡೆ ಇಂಗ್ಲಿಷಿನಲ್ಲಿ ಕಕಾರವಾಗಿ ಕಾಣುತ್ತವೆ. ಗೋ ಅಲ್ಲಿ ಕೌ. ಜ್ಞಾ ಅಲ್ಲಿ ನೋ. ಬರೆಯುವಾಗ ಮೊದಲಿಗೆ ಕೆ ಅಕ್ಷರ ಹಾಕಿ ಓದುವಾಗ ನುಂಗುತ್ತೇವಲ್ಲ, ಅದು. ಗಮ್ ಅಲ್ಲಿ ಕಮ್. ಈ ಗಮ್ ಧಾತುವಿನಿಂದಲೇ ಜಂಗಮ, ನಡೆದಾಡುವುದು. ಸ್ಥಾ ಎಂದರೆ ನಿಲ್ಲು, ಅದರಿಂದ ಸ್ಥಾವರ. ಅದೇ ಬೇರಿನಿಂದ ಲ್ಯಾಟಿನ್ನಿನ ಮೂಲಕ ಸ್ಟೇಷನ್. ರೈಲು ಸ್ಟೇಷನ್ನಿನಲ್ಲಿ ನಿಂತು ಮಗನಿಗೆ ಫೋನಿನಲ್ಲಿ ‘ಕಮ್’ ಎಂದಾಗಲೆಲ್ಲ ಸ್ಥಾವರ ಜಂಗಮ ಎರಡೂ ನನ್ನ ಮುಂದೆ ನಿಲ್ಲುತ್ತವೆ. ಮಗ ಮಾತ್ರ ತಡವಾಗಿಯೇ ಬರುತ್ತಾನೆ.

ಮೂಲ ತಿಳಿದರೆ ಪದ ತಿಳಿದಂತೆಯೆ? ಅಲ್ಲ. ಕಾಯಕ ಎಂಬ ಪದ ಕಾಯ, ಅಂದರೆ ಮೈ, ಎಂಬುದರಿಂದ ಬಂದದ್ದು. ಮೈಗೆ ಸಂಬಂಧಿಸಿದ್ದು ಎಂದಷ್ಟೇ ಅದರ ಹುಟ್ಟಿನ ಅರ್ಥ. ಕೋಶದಲ್ಲಿ ಅಷ್ಟನ್ನು ಓದಿ ಮುಚ್ಚಿಟ್ಟರೆ ಕೈಗೆ ಏನೂ ಸಿಗುವುದಿಲ್ಲ. ಹಗ್ಗ ಹೊಸೆದ ನುಲಿಯ ಚಂದಯ್ಯ, ಅಕ್ಕಿ ಆಯ್ದ ಲಕ್ಕಮ್ಮ ಮಾರಯ್ಯ, ದೋಣಿ ನಡೆಸಿದ ಚೌಡಯ್ಯ, ಬಟ್ಟೆ ಒಗೆದ ಮಾಚಯ್ಯ ಇವರೆಲ್ಲ ಆ ಪದಕ್ಕೆ ಬೆವರು ತುಂಬಿದರು. ಹೊಟ್ಟೆಪಾಡಿನ ದುಡಿಮೆಯೂ ದೇವರ ಕೆಲಸವೂ ಒಂದೇ ಪದದೊಳಗೆ ಬಂದದ್ದು ಅವರ ಕೈಯಲ್ಲಿ. ದಾಸೋಹ ಇನ್ನೂ ಸ್ವಾರಸ್ಯದ್ದು. ದಾಸಃ ಅಹಂ, ನಾನು ದಾಸ. ಅದು ಪದವೇ ಅಲ್ಲ, ಒಂದು ಪೂರ್ತಿ ವಾಕ್ಯ. ನಾನೇ ಅವನು ಎನ್ನುವ ಸೋಹಂ ಎಂಬುದಕ್ಕೆ ಎದುರಾಗಿ ಶರಣರು ಅದನ್ನು ನಿಲ್ಲಿಸಿದರು. ‘ನಾನು’ ಎಂಬುದೂ ಒಳಗೇ ಇದ್ದ ಆ ವಾಕ್ಯ ಬಾಯಿಂದ ಬಾಯಿಗೆ ಉರುಳಿ ಉರುಳಿ ನಾಮಪದವಾಯಿತು, ಕೊನೆಗೆ ಅನ್ನ ನೀಡುವ ಮನೆಯ ಹೆಸರಾಯಿತು. ಇಂದು ದಾಸೋಹ ಎಂದಾಗ ಅದರೊಳಗಿನ ಅಹಂ ಯಾರಿಗೂ ಕೇಳಿಸುವುದಿಲ್ಲ.

ಇನ್ನು ನಿಮ್ಮಲ್ಲಿ ಒಂದು ಬೇಡಿಕೆ. ಬೇಡುವವಳು ಅರ್ಥಿ ಎಂದು ಆಗಲೇ ಹೇಳಿದೆನಲ್ಲ. ಈ ಸಭೆಯಲ್ಲಿ ನೇಯ್ದವರಿದ್ದೀರಿ, ಗಾಣ ನಡೆಸಿದ ಮನೆಯವರಿದ್ದೀರಿ, ಹೊಲ ಗೇಯುವವರಿದ್ದೀರಿ. ಕೂರಿಗೆ, ಕುಂಟೆ, ಮೇಳಿ, ಲಾಳಿ ಇವು ಪುಸ್ತಕಕ್ಕೆ ಬಂದಿವೆ. ಕೂರಿಗೆಯ ಒಂದೊಂದು ಭಾಗಕ್ಕೆ, ಮಗ್ಗದ ಒಂದೊಂದು ದಾರದ ತೊಡಕಿಗೆ, ಮಳೆಯ ಒಂದೊಂದು ಬಗೆಗೆ ನಿಮ್ಮ ಮನೆಯ ಹಿರಿಯರು ಹೇಳುವ ಎಷ್ಟೋ ಪದಗಳು ಯಾವ ನಿಘಂಟಿನಲ್ಲಿಯೂ ಇರಲಾರವು. ಟ್ರ್ಯಾಕ್ಟರು ಬಂದ ಮನೆಯಲ್ಲಿ ನೇಗಿಲಿನ ಜೊತೆಗೆ ಅದರ ಪದಗಳೂ ಅಟ್ಟ ಸೇರಿವೆ. ಅವನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಪದ, ಹೇಳಿದವರ ವಯಸ್ಸು, ಊರು, ಅವರು ಆಡಿದ ಇಡೀ ವಾಕ್ಯ. ಅಜ್ಜಿ ‘ಅಗ್ಗ’ ಎಂದರೆ ಅಗ್ಗ ಎಂದೇ ಬರೆಯಿರಿ, ಹಗ್ಗ ಎಂದು ತಿದ್ದಬೇಡಿ. ಅರ್ಥ ಗೊತ್ತಾಗದಿದ್ದರೆ ಕೈಯಿಂದ ಚಿತ್ರ ಬರೆದರೂ ಸಾಕು. ಮುಂದಿನ ಗೋಷ್ಠಿಗೆ ಬರುವಾಗ ಮನೆಗೆ ಹತ್ತು ಪದದಂತೆ ತಂದರೆ, ನಾನೂ ನನ್ನ ಪುಸ್ತಕಗಳೂ ಈ ಕಂಬದ ಪಕ್ಕದಲ್ಲೇ ಕುಳಿತಿರುತ್ತೇವೆ. ಎಲ್ಲದರ ಮೂಲ ಸಿಗುತ್ತದೆ ಎಂದು ಮಾತು ಕೊಡುವುದಿಲ್ಲ, ಪದಗಳು ಮಾತ್ರ ಕಳೆದುಹೋಗುವುದಿಲ್ಲ.

ಪೂಜ್ಯರು ಗಡಿಯಾರ ನೋಡಿದರು. ಒಳಗೆ ಎಲೆ ಹಾಸುವ ಸದ್ದೂ ಕೇಳಿಸುತ್ತಿದೆ. ಬಡಿಸುವವರು ಅನ್ನ ಹಾಕಿದಾಗ ಒಬ್ಬರಾದರೂ ಹಸಾದ ಎಂದು ನೋಡಿ, ಅವರು ಏನನ್ನುತ್ತಾರೋ ನನಗೆ ಬಂದು ಹೇಳಿ. ಬರೆದುಕೊಳ್ಳುತ್ತೇನೆ.